ನಮ್ಮನೆ ಏರು ಮತ್ತು ಫೋರ್ ವೀಲ್ ಡ್ರೈವ್

ಹೋದ ಮಳೆಗಾಲದ ಕಥೆ ಇದು. ನೆಮ್ಮಾರಿನಲ್ಲಿ ಟಾರು ರಸ್ತೆ ಬಿಟ್ಟು ನಮ್ಮನೆ ಕಡೆ ತಿರುಗಿದರೆ ಒಂದು ಮಣ್ಣಿನ ಏರು. ಜುಲೈನಲ್ಲಂತೂ ಸೋಪು ಹಚ್ಚಿದ ಹಾಗಿರುತ್ತದೆ. ಹೊಸ ಎಸ್‌ಯುವಿ ತಗೊಂಡ ಜಂಬದಲ್ಲಿ ಅಮ್ಮನನ್ನು ಶೃಂಗೇರಿಯಿಂದ ಕೂರಿಸಿಕೊಂಡು ಬಂದೆ. ಅರ್ಧ ಏರಿನಲ್ಲಿ ಮುಂದಿನ ಚಕ್ರ ಗಿರಗಿರ ತಿರುಗಿತೇ ಹೊರತು ಗಾಡಿ ಮೇಲೆ ಹೋಗಲಿಲ್ಲ. ಮಂಡಿನೋವಿನ ಅಮ್ಮ ಆ ಮಳೆಯಲ್ಲಿ ಕೊಡೆ ಹಿಡಿದು ಇಳಿದಳು. ಕೊನೆಗೆ ಅಪ್ಪ ಹಳೇ ಜೀಪು ತಂದು, ಗೇರ್ ಪಕ್ಕದ ಎರಡನೇ ಲಿವರ್ ಎಳೆದು, ಅವಳನ್ನು ಹತ್ತಿಸಿಕೊಂಡು ಹೋದರು. "ಆ ಜೀಪು ಮಾರಿಬಿಡಿ" ಅಂತ ಎರಡು ವರ್ಷದಿಂದ ಪೀಡಿಸುತ್ತಿದ್ದವನು ನಾನೇ!

ನನ್ನ ಗಾಡಿ ನೋಡೋಕೆ ಮಾತ್ರ ದಾಂಡಿಗ. ಎಂಜಿನ್ ಶಕ್ತಿ ಹೋಗುವುದು ಮುಂದಿನ ಎರಡು ಚಕ್ರಕ್ಕಷ್ಟೇ. ಎಸ್‌ಯುವಿ ಅಂದರೆ ಫೋರ್ ವೀಲ್ ಡ್ರೈವ್ ಅಂತ ನಂಬಿದ್ದು ನನ್ನ ದಡ್ಡತನ, ಅದೂ ಎಂಜಿನಿಯರಿಂಗ್ ಓದಿ :)

ಇನ್ನು 2014ರಲ್ಲಿ ಬಂದ ಡಸ್ಟರ್ ಎಡಬ್ಲ್ಯುಡಿ, 2022ರ ಗ್ರಾಂಡ್ ವಿಟಾರಾ ಆಲ್‌ಗ್ರಿಪ್ ಥರದವು ಬೇರೆ ಜಾತಿ. ಇವೂ ಮಾಮೂಲಿ ರಸ್ತೆಯಲ್ಲಿ ಹೆಚ್ಚುಕಮ್ಮಿ ಮುಂದಿನ ಚಕ್ರದಲ್ಲೇ ಓಡುತ್ತವೆ. ಹಿಂದಕ್ಕೆ ಹೋಗುವ ಶಾಫ್ಟಿನ ತುದಿಯಲ್ಲಿ ಹಲವು ಬಿಲ್ಲೆಗಳ ಒಂದು ಕ್ಲಚ್ ಇರುತ್ತದೆ. ನಾಲ್ಕೂ ಚಕ್ರದ ವೇಗವನ್ನು ಎಬಿಎಸ್ ಸೆನ್ಸರುಗಳು ಅಳೆಯುತ್ತಿರುತ್ತವೆ. ಮುಂದಿನದು ಜಾರಿತು ಅಂದಕೂಡಲೇ ಕಂಪ್ಯೂಟರ್ ಆ ಬಿಲ್ಲೆಗಳನ್ನು ಒತ್ತಿಸುತ್ತದೆ, ಹಿಂದಿನ ಚಕ್ರಕ್ಕೂ ಶಕ್ತಿ ಸಿಗುತ್ತದೆ. ಇಷ್ಟೇ ಗುಟ್ಟು. ಯಾವಾಗಲೂ ನಾಲ್ಕೂ ಚಕ್ರ ಎಳೆಯುವ ಗಾಡಿಗಿಂತ ಇಂಧನ ಕಮ್ಮಿ ಸಾಕು, ಲಿವರ್ ಎಳೆಯುವ ರಗಳೆಯೂ ಇಲ್ಲ.

ಆದರೆ ಆಟೋದಲ್ಲಿಟ್ಟರೆ ಅದು ಎಚ್ಚರಾಗುವುದು ಹೆಚ್ಚಾಗಿ ಚಕ್ರ ಜಾರಿದ ಮೇಲೆ. ಏರಿನಲ್ಲಿ ಅಷ್ಟು ಹೊತ್ತಿಗೆ ಓಟ ಸತ್ತಿರುತ್ತದೆ. ಅದಕ್ಕೇ ಏರಿನ ಬುಡದಲ್ಲೇ 'ಲಾಕ್'ಗೆ ಹಾಕಬೇಕು. ಕೆಸರಲ್ಲಿ ಸುಮ್ಮನೆ ಆಕ್ಸಿಲರೇಟರ್ ತುಳಿಯುತ್ತಿದ್ದರೆ ಕ್ಲಚ್ ಕಾದು, ತನ್ನನ್ನು ಉಳಿಸಿಕೊಳ್ಳಲು ಹಿಂದಿನ ಚಕ್ರದ ಕೈ ಬಿಟ್ಟುಬಿಡುತ್ತದೆ. ಜೀಪಿನ ಲೋ ಗೇರೂ ಇವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲು ಫೋರ್ ವೀಲ್ ಡ್ರೈವ್ ಏನೂ ಮಾಡದು. ಬ್ರೇಕು ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ, ಹಿಡಿತ ಮಾತ್ರ ಟೈರಿನದು.

ನನ್ನ ಅಭಿಪ್ರಾಯ ಇಷ್ಟು: ಬೆಂಗಳೂರಿನಲ್ಲೇ ಇರುವವರಿಗೆ ಇದು ದಂಡ. ಮಲೆನಾಡಿನಲ್ಲಿ ಮನೆಯಿದ್ದು, ವಯಸ್ಸಾದವರನ್ನು ಕರೆದುಕೊಂಡು ಓಡಾಡುವವರಿಗೆ ಆ ಹೆಚ್ಚಿನ ದುಡ್ಡು ದಂಡವಲ್ಲ. ಕೊಳ್ಳುವಾಗ ಸನ್‌ರೂಫ್ ಬಗ್ಗೆ ಕೇಳುವ ಮೊದಲು ಹಿಂದಿನ ಚಕ್ರಕ್ಕೆ ಶಕ್ತಿ ಹೋಗುತ್ತದಾ, ಲಾಕ್ ಇದೆಯಾ ಅಂತ ಕೇಳಿ. ನಾನು ಕೇಳಲಿಲ್ಲ.

ಅಪ್ಪ ಅವತ್ತು ಒಂದು ಮಾತೂ ಆಡಲಿಲ್ಲ. ನಾನೂ ಆಮೇಲೆ ಜೀಪು ಮಾರುವ ಸುದ್ದಿ ಎತ್ತಿಲ್ಲ.