ಬಾಡಿಗೆಯಿಲ್ಲದ ಮನೆ

ಬಾಡಿಗೆಯಿಲ್ಲದ ಮನೆ ದೊರೆತರೆ ಯಾರು ತಾನೆ ಒಲ್ಲೆನೆಂದಾರು? ಕಚೇರಿಯ ಮಾತುಕತೆಗೆಂದು 2014ರಲ್ಲಿ ಬಳಕೆಗೆ ಬಂದ ಸ್ಲ್ಯಾಕ್‌ನಲ್ಲಿ ಎಷ್ಟೋ ಅಂತರ್ಜಾಲ ಬಳಗಗಳು ಬಿಡಾರ ಹೂಡಿದುವು. ತಂತ್ರಾಂಶ ಬರೆಯುವವರ ರಿಯಾಕ್ಟಿಫ್ಲಕ್ಸ್ ಬಳಗವು 2015ರಲ್ಲಿ ಸುಮಾರು 7,500 ಮಂದಿಗೆ ಬೆಳೆದಾಗ ಹೊಸಬರಿಗೆ ಅಲ್ಲಿನ ಬಾಗಿಲು ಮುಚ್ಚಿತು. ಬಳಗ ಗಂಟುಮೂಟೆ ಕಟ್ಟಿ ಡಿಸ್ಕಾರ್ಡಿಗೆ ಹೊರಟಿತು.

ಜಾಗದ ಇಕ್ಕಟ್ಟು ಹೇಗೋ ಸಹ್ಯ. ನನ್ನನ್ನು ಕಾಡುವುದು ಮರೆವು. ಹಣ ತೆರದವರಿಗೆ ಹಿಂದೆ ಇತ್ತೀಚಿನ 10,000 ಸಂದೇಶಗಳು ಕಾಣುತ್ತಿದ್ದುವು. 2022ರ ಸೆಪ್ಟೆಂಬರಿನಿಂದ 90 ದಿನಗಳವು ಮಾತ್ರ. ತೆರೋಣವೆಂದರೆ ಶುಲ್ಕ ತಲೆಯೆಣಿಕೆಯದು. ಸಂಬಳ ಕೊಡುವ ಕಚೇರಿಗೆ ಅದು ಸರಿ, ಬಳಗಕ್ಕೆ?

ಯಾರೋ ಪುಣ್ಯಾತ್ಮರು ನಿದ್ದೆಗೆಟ್ಟು ಬರೆದ ಉತ್ತರ, ನಾಲ್ಕು ತಿಂಗಳ ಬಳಿಕ ಬಂದವನ ಕಣ್ಣಿಗೆ ಬೀಳದು. ಅವನು ಅದನ್ನೇ ಮತ್ತೆ ಕೇಳುತ್ತಾನೆ. ಪುಣ್ಯಾತ್ಮರು ಈ ಸಲ ಸುಮ್ಮನಿರುತ್ತಾರೆ.