ಕಿಡಿಗಿಂತ ಮೊದಲು ಚಾಕು

ಚಾರಣಕ್ಕೆ ಸಾಮಾನು ಕೊಳ್ಳುವವರು ಬೆಂಕಿಯ ಮಾತು ಬಂದಾಗ ಕಿಡಿಯ ಬಗ್ಗೆಯೇ ಕೇಳುತ್ತಾರೆ. ಯಾವುದು ಹೆಚ್ಚು ಕಿಡಿ ಹಾರಿಸುತ್ತದೆ, ಯಾವ ಲೈಟರ್ ಗಾಳಿಗೆ ಆರದು ಎಂದು. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಚಾಕುವಿನ ಬಗ್ಗೆ. ಕಿಡಿ ಹುಟ್ಟಿಸುವುದು ಸುಲಭ. ಸುತ್ತಲೂ ಎಲ್ಲವೂ ನೆನೆದಿರುವಾಗ ಅದಕ್ಕೆ ಉಣಿಸಲು ಒಣ ಸೌದೆ ಹೊಂದಿಸುವುದೇ ಕಷ್ಟ. ಆ ಕೆಲಸ ಚಾಕುವಿನದು.

ಫೆರೊ ರಾಡ್ ಎಂದು ಮಾರುವ ಕಪ್ಪು ಕಡ್ಡಿ ಫೆರೋಸೀರಿಯಂ ಎಂಬ ಮಿಶ್ರಲೋಹದ್ದು. ಗ್ಯಾಸ್‌ಲೈಟಿನ ಮ್ಯಾಂಟಲ್ ಕಂಡುಹಿಡಿದ ಆಸ್ಟ್ರಿಯಾದ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಕ್ 1903ರಲ್ಲಿ ಇದನ್ನೂ ರೂಪಿಸಿದ. ಸಿಗರೇಟ್ ಲೈಟರಿನ ಕಲ್ಲು ಕೂಡ ಇದೇ. ಚೂಪಾದ ಅಂಚಿನಿಂದ ಕೆರೆದಾಗ ಎದ್ದ ಲೋಹದ ಚೂರು ಉಜ್ಜಿದ ಬಿಸಿಗೇ ಹೊತ್ತಿಕೊಂಡು ಸುಮಾರು 3,000 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ನೀರಲ್ಲಿ ಅದ್ದಿ ಒರೆಸಿದರೂ ಕಿಡಿ ಕೊಡುತ್ತದೆ. ಆದರೆ ಆ ಕಿಡಿಯ ಆಯುಸ್ಸು ಕ್ಷಣದ್ದು. ಅಷ್ಟರಲ್ಲಿ ಅದು ಎಳೆ ಬಿಡಿಸಿದ ಒಣ ತೆಂಗಿನ ನಾರಿನ ಮೇಲೋ ವ್ಯಾಸಲಿನ್ ಸವರಿದ ಹತ್ತಿಯ ಮೇಲೋ ಬೀಳಬೇಕು.

ಇದು ಬಹಳ ಹಳೆಯ ತಿಳಿವಳಿಕೆ. 1991ರಲ್ಲಿ ಆಸ್ಟ್ರಿಯಾ–ಇಟಲಿ ಗಡಿಯ ಆಲ್ಪ್ಸ್ ಹಿಮದಲ್ಲಿ ಸಿಕ್ಕಿದ, ಸುಮಾರು 5,300 ವರ್ಷ ಹಿಂದಿನ ಓಟ್ಸಿ ಎಂಬ ಮನುಷ್ಯನ ಸೊಂಟದ ಚೀಲದಲ್ಲಿ ಕಿಡಿ ಹಿಡಿಯುವ ಒಣ ಮರದಣಬೆ ಇತ್ತು, ಅದರಲ್ಲಿ ಪೈರೈಟ್ ಕಲ್ಲಿನ ಕಣಗಳಿದ್ದವು. ಜೊತೆಗೆ ಚಕಮಕಿ ಕಲ್ಲಿನ ಅಲಗಿನ ಬಾಕು, ಅದಕ್ಕೆ ನಾರಿನಿಂದ ಹೆಣೆದ ಒರೆ. ಇಷ್ಟಿದ್ದೂ ಬರ್ಚ್ ತೊಗಟೆಯ ಡಬ್ಬಿಯಲ್ಲಿ, ಮೇಪಲ್ ಎಲೆಗಳ ನಡುವೆ ಕೆಂಡವನ್ನು ಕಾಪಾಡಿಕೊಂಡು ಒಯ್ಯುತ್ತಿದ್ದ. ಕಿಡಿಯೊಂದನ್ನೇ ನೆಚ್ಚಿ ಬೆಟ್ಟ ಹತ್ತಿದವನಲ್ಲ.

ಮಲೆನಾಡಿನ ಆಷಾಢದಲ್ಲಿ ನೆಲಕ್ಕೆ ಬಿದ್ದ ಕಡ್ಡಿ ಹೊತ್ತುವುದಿಲ್ಲ. ನಿಂತಲ್ಲೇ ಒಣಗಿದ, ಮಣಿಕಟ್ಟಿನಷ್ಟು ದಪ್ಪದ ಕೊಂಬೆಯ ಒಳಗೆ ಒಣ ಮರ ಉಳಿದಿರುತ್ತದೆ. ಅದನ್ನು ಗೇಣುದ್ದಕ್ಕೆ ತುಂಡರಿಸಿ, ತಲೆಯ ಮೇಲೆ ಚಾಕು ಇಟ್ಟು, ಅಲಗಿನ ಬೆನ್ನಿಗೆ ಇನ್ನೊಂದು ಕೊರಡಿನಿಂದ ಬಡಿದು ಸೀಳಬೇಕು. ಒಳಗಿನ ಸೀಳನ್ನು ತೆಳ್ಳಗೆ ಹೆರೆದರೆ ಸುರುಳಿಗಳು ಏಳುತ್ತವೆ. ಕತ್ತರಿಸಿ ಹಾಕದೆ ಕಡ್ಡಿಗೇ ಅಂಟಿಕೊಂಡಿರಲು ಬಿಟ್ಟರೆ ಉರಿ ಒಂದರಿಂದ ಒಂದಕ್ಕೆ ಹತ್ತುತ್ತದೆ. ಈ ಪೆಟ್ಟನ್ನು ಮಡಚುವ ಚಾಕುವಿನ ಕೀಲು ತಾಳದು. ಅಲಗಿನ ಉಕ್ಕು ಹಿಡಿಯ ತುದಿಯವರೆಗೂ ಒಂದೇ ತುಂಡಾಗಿ ಸಾಗಿರಬೇಕು. ಅಲಗು ಅಂಗೈ ಅಗಲಕ್ಕಿಂತ ತುಸು ಉದ್ದವಿದ್ದರೆ ಸಾಕು. ಬೆನ್ನಿನ ಅಂಚು ಚೌಕವಾಗಿದ್ದರೆ ಅದರಿಂದಲೇ ಫೆರೊ ಕಡ್ಡಿ ಕೆರೆಯಬಹುದು. ಹರಿತದ ಬದಿಯನ್ನು ಅದಕ್ಕೆ ಬಳಸಿ ಮೊಂಡು ಮಾಡಬೇಡಿ. ಇಂಗಾಲ ಹೆಚ್ಚಿರುವ ಉಕ್ಕನ್ನು ಮಸೆಯುವುದು ಸುಲಭ, ಆದರೆ ಕರಾವಳಿಯ ತೇವಕ್ಕೆ ಬೇಗ ತುಕ್ಕು ಹಿಡಿಯುತ್ತದೆ. ಎಣ್ಣೆ ಸವರಿಡಲು ಮರೆಯುವವರಿಗೆ ಸ್ಟೇನ್‌ಲೆಸ್ಸೇ ಸರಿ. ಹಿಡಿಯನ್ನು ಟೊಳ್ಳು ಮಾಡಿ ದಿಕ್ಸೂಚಿ ತುಂಬಿದ ಸಿನಿಮಾ ಚಾಕುಗಳಿಗೆ ದುಡ್ಡು ಸುರಿಯಬೇಡಿ.

ಕಾನೂನನ್ನೂ ತಿಳಿದಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಚಾಕು ಕೂಡ ಆಯುಧ. ಲಿಖಿತ ಅನುಮತಿಯಿಲ್ಲದೆ ಅದನ್ನು ಅಭಯಾರಣ್ಯಕ್ಕೆ, ರಾಷ್ಟ್ರೀಯ ಉದ್ಯಾನಕ್ಕೆ ಒಯ್ಯುವಂತಿಲ್ಲ. ಅಲ್ಲಿ ಕಾಡಿಗೆ ಅಪಾಯವಾಗುವಂತೆ ಬೆಂಕಿ ಹಚ್ಚುವುದೂ ಅಪರಾಧ. ಕುಮಾರಪರ್ವತ, ಕುದುರೆಮುಖದ ಚಾರಣದ ದಾರಿಗಳು ಇಂಥ ಕಾಡಿನೊಳಗೇ ಇವೆ. ಅಲ್ಲಿಗೆ ಮಳೆಯಂಗಿ, ಒಣ ಬಟ್ಟೆ, ಟಾರ್ಚ್ ಒಯ್ಯಿರಿ. ಚಾಕು, ಕಡ್ಡಿಯ ಅಭ್ಯಾಸವನ್ನು ಸ್ವಂತ ಹಿತ್ತಲಲ್ಲಿ, ಮಳೆ ಹನಿಯುವ ದಿನವೇ ಮಾಡಿ, ಪಕ್ಕದಲ್ಲಿ ಒಂದು ಕೊಡ ನೀರಿಟ್ಟುಕೊಂಡು.