ಅಂಗಳದ ಬಣ್ಣದೆಲೆ ಮತ್ತು ನಿಮ್ಮ ರೆಕಾರ್ಡ್ ಪುಸ್ತಕ

ಮಕ್ಕಳೇ,

ಇದನ್ನು ಓದುವ ಮೊದಲು ಐದು ನಿಮಿಷ ಅಂಗಳಕ್ಕೆ ಹೋಗಿ ಬನ್ನಿ. ಜಗಲಿಯ ಕೆಳಗೆ, ಬಾವಿಕಟ್ಟೆಯ ಹತ್ತಿರ, ಗೇಟಿನ ಬದಿಯಲ್ಲಿ, ಪೂರ್ತಿ ಹಸಿರಲ್ಲದ ಎಲೆಯ ಗಿಡ ಎಷ್ಟು ಉಂಟು ಎಂದು ಎಣಿಸಿ. ಕ್ರೋಟನ್ ಇದ್ದೇ ಇರುತ್ತದೆ. ಮನಿ ಪ್ಲಾಂಟ್ ಯಾವುದಾದರೂ ಮರ ಹತ್ತಿರಬಹುದು, ಇಲ್ಲವೇ ಕಿಟಕಿಯ ಬಾಟಲಿಯಲ್ಲಿ ಇರಬಹುದು. ಹಳದಿ ಅಂಚಿನ ಸ್ನೇಕ್ ಪ್ಲಾಂಟ್, ಕೆಂಪು ಚುಕ್ಕೆಯ ಬಣ್ಣದ ಕೆಸು, ಕೋಲಿಯಸ್, ಬಿಳಿ ಮಚ್ಚೆಯ ಎಲೆಯ ದಾಸವಾಳ. ನಮ್ಮ ಕಾಸರಗೋಡಿನ ಕಡೆ ಇವನ್ನೆಲ್ಲ ದುಡ್ಡು ಕೊಟ್ಟು ತಂದವರು ಕಡಿಮೆ. ಮದುವೆಗೋ ಪೂಜೆಗೋ ಹೋದಲ್ಲಿ ಅಮ್ಮಂದಿರು "ಅಕ್ಕಾ, ಇದರದ್ದೊಂದು ಗೆಲ್ಲು ಕೊಡಿ" ಎಂದು ಕೇಳಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಊರಿದ್ದೇ ಹೆಚ್ಚು.

ಈ ಗಿಡಗಳ ಬಗ್ಗೆ ನನ್ನದೊಂದು ಅಭಿಪ್ರಾಯ ಉಂಟು. ಇವನ್ನು ನಾವು ಬರೀ ಚಂದಕ್ಕೆ ಇಟ್ಟುಕೊಂಡಿದ್ದೇವೆ. ಶಾಲೆಯ ಲ್ಯಾಬಿನಲ್ಲಿ ವರ್ಷಕ್ಕೊಮ್ಮೆ ಇವುಗಳ ಎಲೆ ಕಿತ್ತು ಪ್ರಯೋಗ ಮಾಡುವಾಗಲೂ ಎಲೆಯನ್ನು ನೋಡುವುದಿಲ್ಲ, ಗೈಡ್ ನೋಡುತ್ತೇವೆ. ನಿಮ್ಮನ್ನು ಮಾತ್ರ ದೂರುವುದಲ್ಲ. ತಪ್ಪು ಮೊದಲು ಮಾಡಿದ್ದು ನಾನೇ.

ಕೆಲವು ವರ್ಷಗಳ ಹಿಂದಿನ ಮಾತು. ದ್ಯುತಿಸಂಶ್ಲೇಷಣೆಗೆ ಪತ್ರಹರಿತ್ತು ಬೇಕು ಎಂದು ತೋರಿಸುವ ಪ್ರಯೋಗ. ಎರಡು ಬಣ್ಣದ ಎಲೆಯನ್ನು ನೀರಲ್ಲಿ ಕುದಿಸಿ, ಸ್ಪಿರಿಟ್‌ನಲ್ಲಿ ಬಣ್ಣ ತೆಗೆದು, ಅಯೋಡಿನ್ ಹಾಕಿದರೆ ಪಿಷ್ಟ ಇರುವ ಭಾಗ ಮಾತ್ರ ಕಡುನೀಲಿ ಆಗುತ್ತದೆ, ನಿಮಗೆ ಗೊತ್ತುಂಟು. ಮನೆಯಿಂದ ಒಂದೊಂದು ಎಲೆ ತನ್ನಿ ಎಂದಿದ್ದೆ. ಒಬ್ಬಳು ಹುಡುಗಿ ಕೋಲಿಯಸ್ ಎಲೆ ತಂದಳು. ಅಂಚು ಹಸಿರು, ಅದರ ಒಳಗೆ ಕಡುಗೆಂಪು, ನಟ್ಟನಡುವೆ ತೆಳು ಗುಲಾಬಿ. ಪ್ರಯೋಗಕ್ಕೆ ಮೊದಲು ಒಂದು ಚಿತ್ರ, ಆದ ಮೇಲೆ ಒಂದು ಚಿತ್ರ ಬರೆದಳು. ಎರಡನೆಯ ಚಿತ್ರದಲ್ಲಿ ಹಸಿರು ಅಂಚೂ ನೀಲಿ, ಕಡುಗೆಂಪು ಭಾಗವೂ ನೀಲಿ. ನಡುವಿನ ಗುಲಾಬಿ ಇದ್ದಲ್ಲಿ ಮಾತ್ರ ಅಯೋಡಿನ್‌ನದ್ದೇ ಕಂದು.

ನಾನು ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು, "ಹಸಿರು ಭಾಗ ಮಾತ್ರ ನೀಲಿಯಾಗುತ್ತದೆ" ಎಂದು ಬರೆದು ಒಂದು ಅಂಕ ಕಳೆದೆ.

"ಟೀಚರ್, ಅದು ನೀಲಿ ಆಗಿದೆ. ನಾನು ನೋಡಿದ್ದೇನೆ" ಎಂದಳು.

"ಸರಿಯಾಗಿ ತೊಳೆದಿಲ್ಲ ಕಾಣ್ತದೆ" ಎಂದೆ.

ಅವಳು ಸುಮ್ಮನೆ ಹೋಗಿ ಕೂತಳು. ಮುಂದಿನ ಪ್ರಯೋಗವನ್ನು ಗೈಡಿನಲ್ಲಿ ಇದ್ದ ಹಾಗೇ, ಅಕ್ಷರ ಬಿಡದೆ ಬರೆದು ತಂದಳು. ಅದಕ್ಕೆ ನಾನು ಪೂರ್ಣ ಅಂಕ ಕೊಟ್ಟೆ.

ಮರುವರ್ಷ ಅದೇ ಪ್ರಯೋಗಕ್ಕೆ ತಯಾರಿ ಮಾಡುವಾಗ ಬೇರೆ ಎಲೆ ಸಿಗದೆ ನಾನೇ ಕೋಲಿಯಸ್ ಎಲೆ ಕುದಿಸಿದೆ. ನೀರು ನೇರಳೆಗೆಂಪಾಯಿತು. ಇಕ್ಕಳದಲ್ಲಿ ಎತ್ತಿ ನೋಡಿದರೆ, ಕಡುಗೆಂಪಾಗಿದ್ದ ಭಾಗ ಹಸಿರಾಗಿ ನಿಂತಿದೆ! ಕೆಂಪಿನ ಅಡಿಯಲ್ಲಿ ಹಸಿರು ಮೊದಲಿಂದಲೇ ಇತ್ತು. ಬಿಎಸ್ಸಿಯಲ್ಲಿ ಸಸ್ಯಶಾಸ್ತ್ರ ಓದಿದ್ದೇನೆ, ಈ ವಿಷಯ ಪುಸ್ತಕದಲ್ಲಿ ಓದಿಯೂ ಇದ್ದೆ. ಆದರೆ ಆ ದಿನ ಆ ಹುಡುಗಿಯ ಚಿತ್ರವನ್ನು ನೋಡಿದಾಗ ಅದೊಂದೂ ನೆನಪಾಗಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಗೈಡಿನ ವಾಕ್ಯ ಮಾತ್ರ.

ವಿಷಯ ಹೀಗೆ. ಕೋಲಿಯಸ್‌ನ ಕೆಂಪು ಬಣ್ಣ ಆಂಥೋಸಯನಿನ್ ಎಂಬ ವಸ್ತುವಿನದ್ದು. ಅದು ಜೀವಕೋಶದೊಳಗಿನ ರಸದಲ್ಲಿ ಕರಗಿರುತ್ತದೆ. ಹಾಗಾಗಿ ಕುದಿಸಿದರೆ ನೀರಿಗೆ ಬಿಟ್ಟುಬಿಡುತ್ತದೆ. ಪತ್ರಹರಿತ್ತು ಹಾಗಲ್ಲ, ಅದು ಕ್ಲೋರೋಪ್ಲಾಸ್ಟ್ ಒಳಗಿನ ಪೊರೆಗಳಿಗೆ ಅಂಟಿಕೊಂಡಿರುತ್ತದೆ, ನೀರಿಗೆ ಬಗ್ಗುವುದಿಲ್ಲ, ಸ್ಪಿರಿಟ್ಟೇ ಬೇಕು. ಕೆಂಪು ಹರಿವೆ ಬೇಯಿಸುವಾಗ ನೀರು ಕೆಂಪಾಗುವುದನ್ನು ಅಡುಗೆಮನೆಯಲ್ಲಿ ನೋಡಿದ್ದೀರಿ. (ಹರಿವೆಯ ಕೆಂಪು ಬೇರೆ ಜಾತಿಯದ್ದು, ಅದರ ಹೆಸರು ಬೀಟಾಲೈನ್. ಆದರೆ ನೀರಿಗೆ ಬಿಡುವ ಗುಣ ಒಂದೇ.) ಎಲೆಯೆಲ್ಲ ಕೆಂಪಾದ ಹರಿವೆ ಮೊಣಕಾಲೆತ್ತರ ಬೆಳೆಯುತ್ತದಲ್ಲ, ಅದಕ್ಕೆ ಊಟ ಎಲ್ಲಿಂದ ಎಂದು ನಾವು ಒಂದು ದಿನವಾದರೂ ಕೇಳಿದ್ದೇವಾ?

ಆದ್ದರಿಂದ "ಹಸಿರು ಭಾಗ ಮಾತ್ರ" ಎಂಬುದು ಅರ್ಧ ಸತ್ಯ. "ಪತ್ರಹರಿತ್ತು ಇರುವ ಭಾಗ" ಎಂಬುದು ಪೂರ್ತಿ ಸತ್ಯ. ಆ ಹುಡುಗಿಯ ಚಿತ್ರ ನನ್ನ ಕೆಂಪು ಅಕ್ಷರಕ್ಕಿಂತ ಸರಿಯಾಗಿತ್ತು. ಅವಳು ಈಗ ಶಾಲೆ ಬಿಟ್ಟು ಹೋಗಿ ಆಗಿದೆ. ಆ ಒಂದು ಅಂಕವನ್ನು ಎಲ್ಲಿಗೆ ಹಾಕಲಿ?

ಎನ್‌ಸಿಇಆರ್‌ಟಿ ಹತ್ತನೆಯ ತರಗತಿಯ ಪುಸ್ತಕದಲ್ಲಿ ಈ ಪ್ರಯೋಗಕ್ಕೆ ಮನಿ ಪ್ಲಾಂಟ್ ಅಥವಾ ಕ್ರೋಟನ್ ತೆಗೆದುಕೊಳ್ಳಿ ಎಂದಿದೆ. ನನ್ನನ್ನು ಕೇಳಿದರೆ, ಮೊದಲು ಮಾಡುವವರಿಗೆ ಕ್ರೋಟನ್ ಬೇಡ. ಅದರಲ್ಲಿ ಕೆಂಪು, ಹಳದಿ, ಕಿತ್ತಳೆ ಎಲ್ಲ ಒಂದರ ಮೇಲೊಂದು ಕೂತಿರುತ್ತವೆ, ಅಡಿಯಲ್ಲಿ ಹಸಿರು ಅಡಗಿರುವುದೂ ಉಂಟು. ಉತ್ತರ ಪುಸ್ತಕದಂತೆ ಬರದಿದ್ದರೆ ನೀವು ಹೆದರಿ ಗೈಡ್ ತೆಗೆಯುತ್ತೀರಿ. ಬಿಳಿ ಮಚ್ಚೆಯ ದಾಸವಾಳದಿಂದ ಶುರು ಮಾಡಿ, ಆಮೇಲೆ ಕೋಲಿಯಸ್, ಕೊನೆಗೆ ಕ್ರೋಟನ್. ಯಾರ ಮನೆಯಲ್ಲಾದರೂ ಎಲೆಯ ಮೇಲೆ ಬೆಳ್ಳಿಯಂತೆ ಹೊಳೆಯುವ ಮಚ್ಚೆಯಿರುವ ಬಿಗೋನಿಯಾ ಇದ್ದರೆ ಅದನ್ನೂ ತನ್ನಿ. ಅಲ್ಲಿ ಬೆಳ್ಳಿ ಎಂಬ ಬಣ್ಣವೇ ಇಲ್ಲ. ಮೇಲಿನ ಸಿಪ್ಪೆಗೂ ಕೆಳಗಿನ ಹಸಿರಿಗೂ ನಡುವೆ ಸಣ್ಣ ಗಾಳಿಯ ಜಾಗ ಉಂಟು, ಬೆಳಕು ಅಲ್ಲಿಂದ ಚದುರಿ ವಾಪಸು ಬರುತ್ತದೆ, ಅಷ್ಟೇ. ನೀಲಿ ಆಗುತ್ತದೋ ಇಲ್ಲವೋ, ಮೊದಲು ಊಹಿಸಿ ಬರೆದಿಡಿ, ಮತ್ತೆ ಅಯೋಡಿನ್ ಹಾಕಿ.

ಕಂಡದ್ದನ್ನು ಬರೆಯುವುದು ಸಣ್ಣ ವಿಷಯ ಅಂತ ನಿಮಗೆ ಅನಿಸಬಹುದು. ಕಾರ್ಲ್ ಕೊರೆನ್ಸ್ ಎಂಬ ಜರ್ಮನ್ ಸಸ್ಯವಿಜ್ಞಾನಿಯ ಕಥೆ ಕೇಳಿ. ಮೆಂಡೆಲ್ ಬಟಾಣಿಯಲ್ಲಿ ಕಂಡುಹಿಡಿದ ನಿಯಮಗಳನ್ನು ಜಗತ್ತು ಮರೆತೇಬಿಟ್ಟಿತ್ತು. 1900ರಲ್ಲಿ ಅವನ್ನು ಮತ್ತೆ ಬೆಳಕಿಗೆ ತಂದವರಲ್ಲಿ ಈತನೂ ಒಬ್ಬ. ಈತ ಆಮೇಲೆ ಸಂಜೆಮಲ್ಲಿಗೆಯ ಮೇಲೆ ಕೆಲಸ ಮಾಡಿದ. ಹೌದು, ನಮ್ಮ ಅಂಗಳದ್ದೇ ಸಂಜೆಮಲ್ಲಿಗೆ, ಮಲಯಾಳದಲ್ಲಿ ನಾಲುಮಣಿಪೂವು ಅನ್ನುತ್ತಾರಲ್ಲ, ಅದೇ. ನಮ್ಮಲ್ಲಿ ಅದರ ಹೂವಿನಲ್ಲಿ ಬಣ್ಣದ ಗೀರು ಕಾಣುತ್ತೇವೆ. ಕೊರೆನ್ಸ್ ಕೈಯಲ್ಲಿದ್ದ ತಳಿಯ ಎಲೆಯಲ್ಲೇ ಬಿಳಿ ಮಚ್ಚೆ ಇತ್ತು. ಒಂದೇ ಗಿಡದಲ್ಲಿ ಕೆಲವು ಗೆಲ್ಲು ಪೂರ್ತಿ ಹಸಿರು, ಕೆಲವು ಪೂರ್ತಿ ಬಿಳಿ, ಕೆಲವು ಮಚ್ಚೆಯವು.

ಹಸಿರು ಗೆಲ್ಲಿನ ಹೂವಿಗೆ ಬಿಳಿ ಗೆಲ್ಲಿನ ಪರಾಗ ಹಾಕಿದ. ಬಂದ ಸಸಿಗಳೆಲ್ಲ ಹಸಿರು. ಬಿಳಿ ಗೆಲ್ಲಿನ ಹೂವಿಗೆ ಹಸಿರು ಗೆಲ್ಲಿನ ಪರಾಗ ಹಾಕಿದ. ಸಸಿಗಳೆಲ್ಲ ಬಿಳಿ, ಹುಟ್ಟಿ ಕೆಲವೇ ದಿನಗಳಲ್ಲಿ ಸತ್ತವು. ಮಚ್ಚೆ ಗೆಲ್ಲಿನ ಬೀಜದಿಂದ ಮೂರೂ ಬಗೆಯವು ಬಂದವು. ಪರಾಗ ಯಾವುದೆಂಬುದು ಲೆಕ್ಕಕ್ಕೇ ಇಲ್ಲ, ತಾಯಿ ಗೆಲ್ಲು ಹೇಗೋ ಸಸಿ ಹಾಗೆ. ಮೆಂಡೆಲ್ ನಿಯಮಕ್ಕೆ ಇದು ಹೊಂದುವುದಿಲ್ಲ. ಆ ನಿಯಮವನ್ನು ಎತ್ತಿ ಹಿಡಿದವನೇ ಕೊರೆನ್ಸ್. "ಎಲ್ಲೋ ಪರಾಗ ಬೆರೆತು ಹೋಗಿರಬೇಕು" ಎಂದು ಪುಟ ಹರಿದು ಹಾಕಬಹುದಿತ್ತು, ನಾನು "ಸರಿಯಾಗಿ ತೊಳೆದಿಲ್ಲ" ಎಂದ ಹಾಗೆ. ಆತ ಕಂಡದ್ದನ್ನು ಕಂಡ ಹಾಗೇ 1909ರಲ್ಲಿ ಪ್ರಕಟಿಸಿದ. ಕ್ಲೋರೋಪ್ಲಾಸ್ಟ್‌ಗಳು ಈ ಗಿಡದಲ್ಲಿ ಅಂಡಾಣುವಿನ ಮೂಲಕ ಮಾತ್ರ ಮುಂದಿನ ಪೀಳಿಗೆಗೆ ಹೋಗುತ್ತವೆ, ಅವುಗಳೊಳಗೆ ತಮ್ಮದೇ ಡಿಎನ್‌ಎ ಇದೆ ಎಂದು ಇವತ್ತು ನಮಗೆ ಗೊತ್ತು. ಅನುವಂಶೀಯತೆ ಜೀವಕೋಶದ ನ್ಯೂಕ್ಲಿಯಸ್‌ನ ಹೊರಗೂ ಇದೆ ಎಂಬ ತಿಳಿವಳಿಕೆ ಇಂಥ ಮಚ್ಚೆ ಎಲೆಗಳಿಂದ ಶುರುವಾಯಿತು.

ಬಿಳಿ ಸಸಿ ಯಾಕೆ ಸತ್ತಿತು ಎಂದು ನಿಮಗೆ ಹೇಳಬೇಕಾಗಿಲ್ಲ. ತೆಂಗು, ಅಡಿಕೆಯ ಸಸಿಗಳ ನಡುವೆಯೂ ಅಪರೂಪಕ್ಕೆ ಪೂರ್ತಿ ಬಿಳಿಯದ್ದು ಕಾಣುತ್ತದೆ. ಕಾಯಿಯೊಳಗಿನ ಬುತ್ತಿ ಮುಗಿಯುವವರೆಗೆ ಅದರ ಆಯುಸ್ಸು. ಮಚ್ಚೆಯೆಲೆಯ ಬಿಳಿ ಭಾಗ ಬದುಕುವುದು ಪಕ್ಕದ ಹಸಿರಿನ ದುಡಿಮೆಯಲ್ಲಿ.

ಇದು ಗೊತ್ತಿದ್ದರೆ ಗಿಡ ಸಾಕುವುದೂ ಸುಲಭ. ನಿಮ್ಮ ಮಚ್ಚೆ ದಾಸವಾಳದಲ್ಲಿ ಒಂದು ಗೆಲ್ಲು ಇದ್ದಕ್ಕಿದ್ದಂತೆ ಪೂರ್ತಿ ಹಸಿರಾಗಿ ಬಂದರೆ ಅಮ್ಮ "ಈಗ ಗಿಡಕ್ಕೆ ಜೀವ ಬಂತು" ಎಂದು ಸಂತೋಷಪಟ್ಟಾರು. ಆದರೆ ಹಸಿರು ಗೆಲ್ಲಿಗೆ ಊಟ ಹೆಚ್ಚು, ಓಟವೂ ಹೆಚ್ಚು. ಬಿಟ್ಟರೆ ಎರಡು ಮಳೆಗಾಲದಲ್ಲಿ ಗಿಡವಿಡೀ ಅದೇ ಆಗಬಹುದು. ಮಚ್ಚೆ ಬೇಕಿದ್ದರೆ ಅದನ್ನು ಬುಡದಿಂದ ಕತ್ತರಿಸಿ. ಕ್ರೋಟನ್‌ಗೆ ಬಿಸಿಲು ಬೇಕು, ನೆರಳಲ್ಲಿ ಬಣ್ಣ ಮಾಸುತ್ತದೆ. ಬಿಳಿ ಹೆಚ್ಚಿರುವ ಮನಿ ಪ್ಲಾಂಟನ್ನು ಮಾರ್ಚ್ ತಿಂಗಳ ನೇರ ಬಿಸಿಲಿಗಿಟ್ಟರೆ ಬಿಳಿ ಭಾಗ ಸುಟ್ಟು ಕಾಗದದಂತಾಗುತ್ತದೆ. ಇನ್ನೊಂದು ಮಾತು: ಎಲೆಯಲ್ಲಿ ಹಳದಿ ಕಂಡದ್ದೆಲ್ಲ ಚಂದದ ಗಿಡವಲ್ಲ. ಮರಗೆಣಸಿನ ಎಲೆ ಹಳದಿ ಮಚ್ಚೆಯೊಂದಿಗೆ ಮುರುಟಿ ಬಂದರೆ, ಬೆಂಡೆಯ ಎಲೆಯ ನರಗಳು ಬಲೆಯಂತೆ ಹಳದಿಯಾದರೆ ಅದು ವೈರಸ್. ಬಿಳಿನೊಣ ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ. ಅಂಥ ಗಿಡದ ತುಂಡನ್ನು "ಚಂದ ಉಂಟು" ಎಂದು ಯಾರಿಗೂ ಕೊಡಬೇಡಿ. ಬಣ್ಣದ ಕೆಸು, ಡಿಫೆನ್‌ಬೇಕಿಯಾ ಇವುಗಳ ರಸ ಬಾಯಿಗೆ ತಾಗಿದರೆ ಉರಿದು ಊದಿಕೊಳ್ಳುತ್ತದೆ. ಪತ್ರೊಡೆಯ ಕೆಸುವಿನ ಸಂಬಂಧಿಯೇ ಆದರೂ ಅದು ತಿನ್ನುವುದಕ್ಕಲ್ಲ. ಪುಟ್ಟ ತಮ್ಮ ತಂಗಿಯರ ಕೈಗೆ ಸಿಗದಲ್ಲಿ ಇಡಿ.

ಮೊಬೈಲಿನಲ್ಲಿ ಬಿಳಿ ಮಚ್ಚೆಯ ಮಾನ್‌ಸ್ಟೆರಾದಂಥ ಗಿಡಗಳ ಬೆಲೆ ನೋಡಿ ನಿಮ್ಮಲ್ಲಿ ಕೆಲವರು ನನಗೆ ತೋರಿಸಿದ್ದುಂಟು. 2021ರಲ್ಲಿ ನ್ಯೂಜಿಲೆಂಡಿನಲ್ಲಿ ಕುಂಡದಲ್ಲಿದ್ದ ಒಂದು ಮಚ್ಚೆಯೆಲೆಯ ಬಳ್ಳಿ ಹರಾಜಿನಲ್ಲಿ ಅಲ್ಲಿನ 19 ಸಾವಿರ ಡಾಲರಿಗೂ ಮೇಲೆ ಹೋಯಿತು. ಹುಚ್ಚು ಎಂದೇ ನನ್ನ ಅಭಿಪ್ರಾಯ. ಅದಿರಲಿ, ಇಂಥ ಗಿಡದ ಬೀಜ ಎಂದು ನೂರಿನ್ನೂರು ರೂಪಾಯಿಗೆ ಮಾರುವವರನ್ನು ನಂಬಬೇಡಿ. ಈ ಬಗೆಯ ಮಚ್ಚೆ ಬೀಜದಲ್ಲಿ ಹಾಗೇ ಬರುವ ಭರವಸೆ ಇಲ್ಲ. ಅದಕ್ಕೇ ಎಲ್ಲರೂ ಗೆಲ್ಲು ಊರುವುದು.

ಗೆಲ್ಲಲ್ಲೂ ಒಂದು ಚೋದ್ಯ ಉಂಟು, ಇದನ್ನು ನೀವೇ ಮಾಡಿ ನೋಡಬೇಕು. ಹಳದಿ ಅಂಚಿನ ಸ್ನೇಕ್ ಪ್ಲಾಂಟಿನ ಎಲೆಯನ್ನು ಅಡ್ಡಕ್ಕೆ ಕತ್ತರಿಸಿ, ಬುಡದ ಕಡೆ ಕೆಳಗಾಗುವಂತೆ ಮರಳು ಮಣ್ಣಿನಲ್ಲಿ ಊರಿ. ಇನ್ನೊಂದು ಕುಂಡದಲ್ಲಿ ಅದೇ ಗಿಡದ ಗೆಡ್ಡೆಯ ಒಂದು ಮರಿಯನ್ನು ಪಾಲು ಮಾಡಿ ನೆಡಿ. ಎರಡರಲ್ಲೂ ಅಮ್ಮ ಒಂದೇ, ಬರುವ ಮರಿಗಳು ಒಂದೇ ರೀತಿ ಇರುತ್ತವಾ? ಉತ್ತರ ನಾನು ಹೇಳುವುದಿಲ್ಲ. ಒಂದು ಸುಳಿವು ಮಾತ್ರ: ಆ ಎಲೆಯಲ್ಲಿ ಎರಡು ಬೇರೆ ಬೇರೆ ಬಗೆಯ ಜೀವಕೋಶಗಳ ಪದರಗಳು ಕೂಡಿ ಬಾಳುತ್ತಿವೆ. ಎಲೆ ತುಂಡಿನಿಂದ ಮರಿ ಏಳುವುದು ಯಾವ ಪದರದಿಂದ ಎಂದು ಯೋಚಿಸಿ. ಮರಿ ಬರಲು ತಿಂಗಳುಗಳೇ ಬೇಕು. ನೀರು ಹೆಚ್ಚು ಹಾಕಿ ಕೊಳೆಸಬೇಡಿ.

ಪಿಷ್ಟದ ಪ್ರಯೋಗ ಮಾತ್ರ ಮನೆಯಲ್ಲಿ ಬೇಡ, ಶಾಲೆಗೆ ಬನ್ನಿ. ಸ್ಪಿರಿಟ್ಟಿಗೆ ಬೆಂಕಿ ಹತ್ತಲು ಕ್ಷಣ ಸಾಕು. ನಾವು ನೀರು ಕುದಿಸಿ, ಬೆಂಕಿ ಪೂರ್ತಿ ಆರಿಸಿ, ಆ ಬಿಸಿನೀರಿನೊಳಗೆ ಸ್ಪಿರಿಟ್ ಇರುವ ನಳಿಗೆ ಇಡುತ್ತೇವೆ. ಸಣ್ಣ ಕುಂಡದ ಗಿಡವಾದರೆ ಎರಡು ದಿನ ಕತ್ತಲೆಯಲ್ಲಿಟ್ಟು, ತರುವ ದಿನ ಬೆಳಿಗ್ಗೆಯಿಂದ ಬೆಳಕಿಗಿಡಿ. ಎಲೆ ಕೀಳುವ ಮೊದಲು ಬಣ್ಣದ ಪೆನ್ಸಿಲಿನಲ್ಲಿ ಅದರ ಚಿತ್ರ ಬರೆಯಿರಿ. ನೀರಲ್ಲಿ ಕುದಿಸಿದ ಮೇಲೆ ಇನ್ನೊಂದು, ಅಯೋಡಿನ್ ಹಾಕಿದ ಮೇಲೆ ಮತ್ತೊಂದು. ಈ ನಡುವಿನ ಚಿತ್ರ ಗೈಡಿನಲ್ಲಿ ಇಲ್ಲ, ಆ ಹುಡುಗಿಯ ಪುಸ್ತಕದಲ್ಲೂ ಇರಲಿಲ್ಲ. ಅದಿದ್ದಿದ್ದರೆ ನನ್ನ ಹತ್ತಿರ ವಾದ ಮಾಡಲು ಅವಳಿಗೆ ಒಂದು ಆಧಾರ ಸಿಗುತ್ತಿತ್ತು.

ಈ ವರ್ಷದಿಂದ ನನ್ನ ತರಗತಿಯಲ್ಲಿ ಮೂರೂ ಚಿತ್ರಗಳಿಗೆ ಅಂಕ ಉಂಟು. ಪುಸ್ತಕಕ್ಕೆ ಹೊಂದದ ಚಿತ್ರ ಬಂದರೆ ಕೆಂಪು ಪೆನ್ನು ತೆಗೆಯುವ ಮೊದಲು ಅದೇ ಗಿಡದ ಇನ್ನೊಂದು ಎಲೆ ತರಿಸಿ ನಿಮ್ಮೆದುರೇ ಕುದಿಸುತ್ತೇನೆ. ಹಾಗಾಗಿ ಒಂದು ಎಲೆ ಸಾಕಾಗುವುದಿಲ್ಲ, ಎರಡು ತನ್ನಿ.